ಕಣ್ಣುಮುಚ್ಚಿ ಕಾಣುವ ಮೊದಲ ಪಾಠ



ಮಾಟಮಂತ್ರದ ಬಗ್ಗೆ ದಿಕ್ಸೂಚಿ ಭಾಷಣವೇ ಎಂದು ಆಹ್ವಾನ ಪತ್ರಿಕೆ ನೋಡಿ ಕೆಲವರು ಹುಬ್ಬೇರಿಸಿರಬಹುದು. ವಿಷಯ ಆರಿಸಿದ್ದಕ್ಕೆ ಕಾರಣ ನಮ್ಮ ಫೋನುಗಳಲ್ಲೇ ಇದೆ. ಇಲ್ಲಿ ಬೆಳೆಯುತ್ತಿರುವ ಮಕ್ಕಳ ಫೋನಿಗೆ 'ವಿಚ್‌ಕ್ರಾಫ್ಟ್ ಕಲಿಯುವವರಿಗೆ ಮೊದಲ ಪಾಠ' ಎಂಬಂಥ ಇಂಗ್ಲಿಷ್ ವಿಡಿಯೋಗಳು ಬರುತ್ತವೆ. ಕಣ್ಣು ಮುಚ್ಚು, ಒಂದು ಸೇಬನ್ನು ಕಾಣು, ಅದರ ಬಣ್ಣ ಕಾಣು, ತೂಕ ಅನುಭವಿಸು, ನಿಧಾನವಾಗಿ ತಿರುಗಿಸು ಎಂದು ಅವು ಹೇಳಿಕೊಡುತ್ತವೆ. ದೊಡ್ಡವರ ಫೋನಿಗೆ ಬರುವುದು ಬೇರೆ: 'ವಶೀಕರಣ ಸ್ಪೆಷಲಿಸ್ಟ್, ಗಂಡ-ಹೆಂಡತಿ ಸಮಸ್ಯೆ, ಶತ್ರುನಾಶ, ಇಪ್ಪತ್ತನಾಲ್ಕು ಗಂಟೆಯಲ್ಲಿ ಪರಿಹಾರ'. ಮಕ್ಕಳದು ವಿದೇಶಿ ಹುಚ್ಚು, ನಮ್ಮದು ಊರಿನ ಶಾಸ್ತ್ರ ಎಂದು ನಾವು ಅಂದುಕೊಂಡಿದ್ದೇವೆ. ಇತಿಹಾಸ ನೋಡಿದರೆ ಲೆಕ್ಕ ಹೀಗಿಲ್ಲ. ಕಣ್ಣುಮುಚ್ಚಿ ಕಾಣುವ ಆ ಪಾಠ ಕನ್ನಡ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ಅದನ್ನು ಯಾರು, ಯಾವ ಕ್ರಮದಲ್ಲಿ ಕಲಿಯಬೇಕು ಎಂಬ ಕಟ್ಟುಪಾಡೂ ಇತ್ತು. ಇಪ್ಪತ್ತನಾಲ್ಕು ಗಂಟೆಯ ಸ್ಪೆಷಲಿಸ್ಟ್ ಬಿಟ್ಟುಬಿಟ್ಟಿರುವುದು ಆ ಕಟ್ಟುಪಾಡನ್ನೇ.

ಮೊದಲು ಎರಡು ಮಾತುಗಳನ್ನು ನೋಡೋಣ. 'ಮಾಟ' ಬಂದದ್ದು 'ಮಾಡು' ಎಂಬ ಧಾತುವಿನಿಂದ. ನೋಟ, ಓಟ, ಆಟ ಇದ್ದ ಹಾಗೆ ಮಾಟ. ಅಂದರೆ ಯಾರೋ ಮಾಡಿದ್ದು. 'ಯಾರೋ ಏನೋ ಮಾಡಿಸಿದ್ದಾರೆ' ಎಂದು ಊರಲ್ಲಿ ಅಮ್ಮಂದಿರು ಹೇಳುವಾಗ ಆ ಮೂಲ ಅರ್ಥ ಇನ್ನೂ ಹಸಿಯಾಗಿದೆ. ಇನ್ನೊಂದು 'ಗಾರುಡಿ'. ಬೇಂದ್ರೆಯವರನ್ನು ಶಬ್ದಗಾರುಡಿಗ ಎಂದು ಕರೆಯುತ್ತೇವೆ, ಕೈಚಳಕದ ಆಟದವನನ್ನೂ ಗಾರುಡಿಗ ಎನ್ನುತ್ತೇವೆ. ಆ ಮಾತಿನ ಒಳಗೆ ಕೂತಿರುವುದು ಗರುಡ. ಗಾರುಡಿಗ ಮೊದಲು ಹಾವಿನ ವಿಷ ಇಳಿಸುವವನಾಗಿದ್ದ.

ಅವನ ಕಸುಬಿನ ಮುಖ್ಯ ಭಾಗ ನಡೆಯುತ್ತಿದ್ದುದು ಮನಸ್ಸಿನಲ್ಲಿ. ಗಾರುಡ ತಂತ್ರಗಳ ಪ್ರಕಾರ ವಿಷ ಇಳಿಸುವವನು ಗರುಡನನ್ನು ಬೇಡಿಕೊಂಡರೆ ಸಾಲದು, ತಾನೇ ಗರುಡನೆಂದು ಕಾಣಬೇಕು. ಹೇಗೆ ಕಾಣಬೇಕು ಎಂಬುದಕ್ಕೂ ಅಳತೆಯಿದೆ: ಮೊಣಕಾಲವರೆಗೆ ಕಾಯಿಸಿದ ಚಿನ್ನದ ಬಣ್ಣ, ಅಲ್ಲಿಂದ ಹೊಕ್ಕುಳವರೆಗೆ ಹಿಮದ ಬಿಳಿ, ಕೊರಳವರೆಗೆ ಕುಂಕುಮದ ಕೆಂಪು, ಅದರ ಮೇಲೆ ಕಾಡಿಗೆಯ ಕಪ್ಪು. ಮಣ್ಣು, ನೀರು, ಬೆಂಕಿ, ಗಾಳಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೈಗೇರಿದ ಕ್ರಮ ಇದು. ವಿಷವೈದ್ಯಕ್ಕೆ ಕನ್ನಡದಲ್ಲಿ ದೊಡ್ಡ ಗ್ರಂಥವೇ ಇದೆ. 14ನೆಯ ಶತಮಾನದಲ್ಲಿ, ವಿಜಯನಗರದ ಆರಂಭದ ದಿನಗಳಲ್ಲಿ, ಜೈನ ಕವಿ ಮಂಗರಾಜ ಬರೆದ 'ಖಗೇಂದ್ರಮಣಿದರ್ಪಣ'. ಖಗೇಂದ್ರ ಎಂದರೂ ಗರುಡನೇ. ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಗಾರುಡಿಗ ತನ್ನನ್ನು ಎಷ್ಟೇ ಚೆನ್ನಾಗಿ ಗರುಡನೆಂದು ಕಂಡರೂ ನಾಗರಹಾವಿನ ವಿಷ ಇಳಿಯುವುದಿಲ್ಲ. ನಮ್ಮ ಹೊಲ-ತೋಟದ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ, ವಿಷದ ಹಾವು ಕಚ್ಚಿದಾಗಲೂ ಪ್ರತಿಸಲ ವಿಷ ಬಿಡುವುದಿಲ್ಲ. ಹಾಗೆ ಬದುಕಿದವರ ಕೀರ್ತಿ ಗಾರುಡಿಗನಿಗೆ ಸಿಕ್ಕಿತು. ಸತ್ತವರು ಸಾಕ್ಷಿ ಹೇಳಲು ಬರಲಿಲ್ಲ. ಕರ್ನಾಟಕ ಸರ್ಕಾರ 2017ರಲ್ಲಿ ಮಾಡಿದ, 2020ರ ಜನವರಿ 4ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯಲ್ಲಿ ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದು ಅಪರಾಧ. ಗಾರುಡಿಗನ ವೃತ್ತಿ ಕಾನೂನಿನ ಮಟ್ಟಿಗೆ ಅಲ್ಲಿ ಮುಗಿಯಿತು. ಆದರೆ ಅವನ ಮನಸ್ಸಿನ ಕಸರತ್ತು ಬೇರೆ ದಾರಿಯಲ್ಲಿ ಉಳಿದು ಬಂದಿದೆ. ನನಗೆ ಕುತೂಹಲ ಇರುವುದು ಅದರಲ್ಲಿ.

ಈಗ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಬನ್ನಿ. ಸೇಡಂ ಕಡೆಯವರಿಗೆ ಅದು ಕಾಗಿಣಾ ದಂಡೆಯ ಒಂದು ಊರು, ಕೋಟೆಯ ಅವಶೇಷ, ಸಿಮೆಂಟ್ ಫ್ಯಾಕ್ಟರಿ ಕಡೆಯ ಧೂಳು. 10ನೆಯ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಮುಮ್ಮಡಿ ಕೃಷ್ಣನ ಕಾಲದಲ್ಲಿ, ಕ್ರಿ.ಶ. 939ರಲ್ಲಿ, ಇಂದ್ರನಂದಿ ಎಂಬ ಜೈನ ಮುನಿ ಅಲ್ಲಿ 'ಜ್ವಾಲಾಮಾಲಿನೀಕಲ್ಪ'ವನ್ನು ಬರೆದು ಮುಗಿಸಿದರು. ಗ್ರಂಥ ಸಂಸ್ಕೃತದಲ್ಲಿದೆ, ವಿಷಯ ಭೂತ-ಗ್ರಹ ಹಿಡಿದವರನ್ನು ಬಿಡಿಸುವುದು. ಅದರ ಹುಟ್ಟಿನ ಕಥೆ ಹೀಗಿದೆ: ಹೇಲಾಚಾರ್ಯರೆಂಬ ಗುರುವಿನ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸ ಹಿಡಿಯಿತು. ಗುರುಗಳು ಬೆಟ್ಟ ಹತ್ತಿ ವಹ್ನಿದೇವಿಯನ್ನು ಆರಾಧಿಸಿದರು, ದೇವಿ ಮಂತ್ರ ಕೊಟ್ಟಳು. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ಹೋದವರು ಇದೇ ಜ್ವಾಲಾಮಾಲಿನಿಯನ್ನು ನೋಡಿರುತ್ತೀರಿ.

ಅದಾದ ನೂರು ವರ್ಷಕ್ಕೆ ಗದಗ ಹತ್ತಿರದ ಮುಳಗುಂದದ ಮಲ್ಲಿಷೇಣಸೂರಿ 'ಭೈರವಪದ್ಮಾವತೀಕಲ್ಪ' ಬರೆದರು. ಅವರ ಗುರುಪರಂಪರೆ ಮೇಲಕ್ಕೆ ಹೋದರೆ ಸಿಗುವುದು ಅಜಿತಸೇನಾಚಾರ್ಯರು, ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು. ಅಂದರೆ ಇದು ಊರಾಚೆ ಸ್ಮಶಾನದಲ್ಲಿ ಕದ್ದು ಮಾಡಿದ ವಿದ್ಯೆಯಲ್ಲ. ಪಂಡಿತರ, ಕವಿಗಳ ನಡುವೆ, ಬಸದಿಯ ನೆರಳಲ್ಲಿ ಬರೆದದ್ದು. ಮುಳಗುಂದದಲ್ಲೇ 1047ರಲ್ಲಿ ಮಲ್ಲಿಷೇಣರು ಮಹಾಪುರಾಣವನ್ನೂ ಮುಗಿಸಿದ್ದಾರೆ.

ಪುಸ್ತಕದಲ್ಲಿ ಹತ್ತು ಅಧಿಕಾರಗಳಿವೆ, ಅಂದರೆ ಅಧ್ಯಾಯಗಳು. ವಶೀಕರಣ ಇದೆ, ಹೆಣ್ಣನ್ನು ಸೆಳೆಯುವ ಆಕರ್ಷಣ ಇದೆ, ಸಿಟ್ಟನ್ನು ತಡೆಯುವ ಸ್ತಂಭನ ಇದೆ, ಕೊನೆಗೆ ಗಾರುಡವೂ ಇದೆ. ಅಹಿಂಸೆಯ ಧರ್ಮದಲ್ಲಿ ಇದೆಲ್ಲ ಏಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ರಾಜಾಶ್ರಯಕ್ಕೂ ಭಕ್ತರಿಗೂ ಪೈಪೋಟಿ ಇದ್ದ ಕಾಲ ಅದು. ಪಕ್ಕದ ಗುಡಿಯವರು ಕೊಡುವುದನ್ನು ತಾವೂ ಕೊಡದಿದ್ದರೆ ಜನ ಅಲ್ಲಿಗೇ ಹೋಗುತ್ತಾರೆ ಎಂಬ ಲೆಕ್ಕ ಇದ್ದಿರಬೇಕು ಎಂದು ನನ್ನ ಊಹೆ. ಅದನ್ನು ಮುಚ್ಚಿಟ್ಟು ನಮ್ಮ ಪೂರ್ವಿಕರದ್ದೆಲ್ಲ ಶುದ್ಧ ಅಧ್ಯಾತ್ಮ ಎಂದು ಹೇಳುವುದು ಸುಳ್ಳಾಗುತ್ತದೆ.

ಆದರೆ ಅಧ್ಯಾಯಗಳ ಕ್ರಮ ನೋಡಿ. ವಶೀಕರಣಕ್ಕೆ ಬರುವುದು ಪುಸ್ತಕದ ಅರ್ಧ ಕಳೆದ ಮೇಲೆ. ಮೊದಲ ಅಧ್ಯಾಯ 'ಮಂತ್ರಿಲಕ್ಷಣ', ಮಂತ್ರ ಹಿಡಿಯುವವನು ಎಂಥವನಿರಬೇಕು ಎಂಬುದು. ಕಾಮದ ಆರ್ಭಟ ಗೆದ್ದವನು, ಸಿಟ್ಟು ತಣಿದವನು, ಹರಟೆ ಬಿಟ್ಟವನು ಆಗಿರಬೇಕು. ಈಗ ಸ್ವಲ್ಪ ಯೋಚಿಸಿ, ವಶೀಕರಣ ಬೇಕೆಂದು ಬರುವವನಲ್ಲಿ ಇರುವುದೇ ಕಾಮ ಅಥವಾ ಸಿಟ್ಟು. ಅವೆರಡನ್ನೂ ಗೆದ್ದವನಿಗೆ ಮಾತ್ರ ಆ ವಿದ್ಯೆ ಎಂದು ಬಾಗಿಲಲ್ಲೇ ಬರೆದಿಟ್ಟಿದ್ದಾರೆ.

ಎರಡನೆಯ ಅಧ್ಯಾಯ 'ಸಕಲೀಕರಣ'. ಹೊಸಬನ ನಿಜವಾದ ಮೊದಲ ಪಾಠ ಇದು, ಪೂರಾ ಮನಸ್ಸಿನಲ್ಲೇ ನಡೆಯುವಂಥದ್ದು. ಮೈಯ ಒಂದೊಂದು ಭಾಗಕ್ಕೂ ಒಂದೊಂದು ಬೀಜಾಕ್ಷರ ಇಟ್ಟುಕೊಳ್ಳಬೇಕು, ಸುತ್ತ ಬೆಂಕಿಯ ತ್ರಿಕೋಣವನ್ನು ಕಾಣಬೇಕು, ಆ ಬೆಂಕಿಯಲ್ಲಿ ತನ್ನನ್ನೇ ಸುಟ್ಟುಕೊಳ್ಳಬೇಕು, ಆಮೇಲೆ ಅಮೃತದಲ್ಲಿ ಮೀಯಬೇಕು. ಅಂದರೆ ಹೊಸಬನು ಮನಸ್ಸಿನಲ್ಲಿ ಮೊದಲು ಸುಡುವುದು ಶತ್ರುವನ್ನಲ್ಲ, ತನ್ನನ್ನು.

ಇದೇ ಪಾಠವನ್ನು ಮಾಟಮಂತ್ರದ ಗೊಡವೆಯಿಲ್ಲದೆ, ಧ್ಯಾನವಾಗಿಯೇ ಬಿಡಿಸಿ ಬರೆದದ್ದು ಶುಭಚಂದ್ರಾಚಾರ್ಯರ 'ಜ್ಞಾನಾರ್ಣವ'. ಅದು ಸುಮಾರು 11ನೆಯ ಶತಮಾನದ್ದು, ದಿಗಂಬರ ಜೈನರ ಮನೆಗಳಲ್ಲಿ ಇವತ್ತಿಗೂ ಓದುವ ಗ್ರಂಥ. ಅದರಲ್ಲಿ ಪಿಂಡಸ್ಥ ಧ್ಯಾನಕ್ಕೆ ಐದು ಧಾರಣೆಗಳನ್ನು ಹೇಳಿದ್ದಾರೆ. ಮನಸ್ಸಿನಲ್ಲಿ ಚಿತ್ರ ಕಟ್ಟುವುದನ್ನು ಇಷ್ಟು ಹಂತಹಂತವಾಗಿ ಕಲಿಸಿದ ಪಠ್ಯ ನಾನು ಬೇರೆ ಕಂಡಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ಪಾರ್ಥಿವೀ. ಇಡೀ ಮಧ್ಯಲೋಕದಷ್ಟು ಅಗಲದ ಹಾಲಿನ ಸಮುದ್ರವನ್ನು ಕಾಣಬೇಕು. ಅಲೆಯಿಲ್ಲ, ಸದ್ದಿಲ್ಲ. ಅದರ ನಡುವೆ ಸಾವಿರ ಎಸಳಿನ ಬಂಗಾರದ ಕಮಲ, ಜಂಬೂದ್ವೀಪದಷ್ಟು ದೊಡ್ಡದು. ಕಮಲದ ಬೀಜಕೋಶ ಮೇರುಪರ್ವತದ ಹಾಗೆ ಎದ್ದು ನಿಂತಿದೆ. ಅದರ ಮೇಲೆ ಶರತ್ಕಾಲದ ಚಂದ್ರನಂಥ ಬಿಳಿಯ ಪೀಠ, ಪೀಠದ ಮೇಲೆ ತಾನು, ಶಾಂತನಾಗಿ. ಹೊಸಬನಿಗೆ ಇಲ್ಲಿ ಬೇಕಾದ ಕೌಶಲ ಏನೆಂದರೆ ದೊಡ್ಡದನ್ನು ಮೊದಲು ಕಂಡು ಆಮೇಲೆ ಚಿಕ್ಕದಕ್ಕೆ ಬರುವುದು. ಸೇಬಿನಿಂದ ಶುರು ಮಾಡುವ ವಿಡಿಯೋಗೆ ಇದು ತಿರುಗುಮುರುಗು.

ಎರಡನೆಯದು ಆಗ್ನೇಯೀ. ಹೊಕ್ಕುಳಲ್ಲಿ ಹದಿನಾರು ಎಸಳಿನ ಕಮಲ, ಎಸಳಿಗೊಂದು ಸ್ವರಾಕ್ಷರ, ನಡುವೆ 'ಅರ್ಹಂ'. ಆ ಅಕ್ಷರದ ರೇಫದಿಂದ ಮೊದಲು ಸಣ್ಣಗೆ ಹೊಗೆ ಏಳುತ್ತದೆ. ಆಮೇಲೆ ಕಿಡಿ. ಆಮೇಲೆ ಜ್ವಾಲೆ. ಎದೆಯಲ್ಲಿ ತಲೆಕೆಳಗಾಗಿ ತೂಗುತ್ತಿರುವ ಎಂಟು ಎಸಳಿನ ಇನ್ನೊಂದು ಕಮಲವಿದೆ, ಎಂಟು ಕರ್ಮಗಳು ಅವು. ಜ್ವಾಲೆ ಅದನ್ನು ಸುಡುತ್ತದೆ, ಕೊನೆಗೆ ಮೈಯನ್ನೂ ಸುಡುತ್ತದೆ. ಸುಡಲು ಏನೂ ಉಳಿಯದಿದ್ದಾಗ ಬೆಂಕಿ ತಾನಾಗಿ ಆರುತ್ತದೆ. ಒಲೆ ಹೊತ್ತಿಸಿದವರೆಲ್ಲ ಈ ಹೊಗೆ-ಕಿಡಿ-ಜ್ವಾಲೆಯ ಕ್ರಮ ಬಲ್ಲರು. ಬರೆದವರಿಗೆ ಸೌದೆ ಒಲೆಯ ಪರಿಚಯ ಚೆನ್ನಾಗಿತ್ತು.

ಮೂರನೆಯದು ಮಾರುತೀ, ಬಿರುಗಾಳಿ ಬೀಸಿ ಬೂದಿ ಹಾರಿಸಿಕೊಂಡು ಹೋಗುತ್ತದೆ. ಕುವೈತಿನ ಧೂಳುಗಾಳಿ ನೋಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ನಾಲ್ಕನೆಯದು ವಾರುಣೀ. ಮಿಂಚು, ಕಾಮನಬಿಲ್ಲಿನ ಜೊತೆ ಮೋಡ ಕವಿದು ಮಳೆ ಸುರಿದು ಉಳಿದ ಬೂದಿಯನ್ನೂ ತೊಳೆಯುತ್ತದೆ. ಇದಕ್ಕೆ ಮಾತ್ರ ಇಲ್ಲಿ ಊರಿನ ನೆನಪನ್ನೇ ಸಾಲ ತರಬೇಕು, ಆಗುಂಬೆ ಕಡೆಯವರಿಗೆ ಸುಲಭ. ಐದನೆಯದು ತತ್ತ್ವರೂಪವತೀ. ರಕ್ತ-ಮಾಂಸದ ಸಪ್ತಧಾತುಗಳಿಲ್ಲದ, ಹುಣ್ಣಿಮೆಯ ಚಂದ್ರನಂಥ ತನ್ನನ್ನು ತಾನು ಕಾಣುವುದು.

ಇಷ್ಟರಲ್ಲಿ ಎಲ್ಲಿಯೂ ಇನ್ನೊಬ್ಬ ಮನುಷ್ಯ ಬರುವುದಿಲ್ಲ. ಬಾಸ್ ಇಲ್ಲ, ಭಾವಮೈದುನ ಇಲ್ಲ, ಆಸ್ತಿಗೆ ಕಣ್ಣು ಹಾಕಿದ ದಾಯಾದಿ ಇಲ್ಲ.

ಜೈನರದ್ದು ಮಾತ್ರ ಹೇಳಿದೆ ಎಂದು ಬೇಸರಿಸಬೇಡಿ. 13ನೆಯ ಶತಮಾನದ ಉಡುಪಿಯಲ್ಲಿ ಮಧ್ವಾಚಾರ್ಯರು ಬರೆದ 'ತಂತ್ರಸಾರಸಂಗ್ರಹ'ದಲ್ಲಿ ಒಂದೊಂದು ಮಂತ್ರಕ್ಕೂ ಕಾಣಬೇಕಾದ ರೂಪವನ್ನು ಹೇಳಿದೆ. ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಡಲು ಕಲಿಸಿದರು. ಕಣ್ಣು ಮುಚ್ಚಿದರೆ ಏನೂ ಕಾಣದವರಿಗೆ ಅದು ಬಹಳ ದೊಡ್ಡ ಅನುಕೂಲ ಎಂದು ನನಗೆ ಅನ್ನಿಸುತ್ತದೆ. ಹಾಗೆ ಕಾಣದವರು ನಿಜಕ್ಕೂ ಇದ್ದಾರೆ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಬೆಳಗಿನ ತಿಂಡಿಯ ಮೇಜನ್ನು ಮನಸ್ಸಿನಲ್ಲಿ ಕಂಡು ಹೇಳಿ ಎಂದು ಅನೇಕರನ್ನು ಕೇಳಿದ. ತಮಗೆ ಯಾವ ಚಿತ್ರವೂ ಕಾಣುವುದಿಲ್ಲ ಎಂದು ಕೆಲವರು ಉತ್ತರಿಸಿದರು. 2015ರಲ್ಲಿ ವೈದ್ಯ ಆಡಮ್ ಝೀಮನ್ ಮತ್ತು ಜೊತೆಗಾರರು ಈ ಸ್ಥಿತಿಗೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಇದು ಕಾಯಿಲೆಯಲ್ಲ, ಮನಸ್ಸುಗಳ ಬಗೆ. 'ನಿನಗೆ ದೇವರು ಕಾಣುತ್ತಿಲ್ಲವೇ? ಹಾಗಿದ್ದರೆ ದೋಷವಿದೆ' ಎಂದು ಯಾರಾದರೂ ಹೆದರಿಸಿ ದುಡ್ಡು ಕೇಳಿದರೆ ಈ ಗಾಲ್ಟನ್ ಕಥೆ ನೆನಪಿರಲಿ.

ಮಂಗಳೂರು ಕಡೆಯ ಕ್ರೈಸ್ತ ಬಂಧುಗಳಿಗೂ ಈ ಪಾಠ ಹೊಸದಲ್ಲ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಯೇಸು ಸಭೆಯವರ ಮೂಲಪುರುಷ ಇಗ್ನೇಶಿಯಸ್ ಲೊಯೋಲಾ. ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕಕ್ಕೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಯೇಸುವಿನ ಜನನವನ್ನು ಧ್ಯಾನಿಸುವವನು ಮೊದಲು ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿಯನ್ನು ಕಾಣಬೇಕು, ಎಷ್ಟು ಉದ್ದ, ಎಷ್ಟು ಅಗಲ, ಸಮತಟ್ಟೋ ಏರಿಳಿತವೋ ಎಂದು ಅದರಲ್ಲಿ ಹೇಳಿದೆ.

ಇನ್ನು ಆ ವಿಡಿಯೋಗಳ ವಂಶಾವಳಿ. 1888ರಲ್ಲಿ ಲಂಡನ್ನಿನಲ್ಲಿ ಗೋಲ್ಡನ್ ಡಾನ್ ಎಂಬ ಗುಪ್ತಕೂಟ ಹುಟ್ಟಿತು. ಅಷ್ಟು ಹೊತ್ತಿಗೆ ಥಿಯಾಸಫಿಕಲ್ ಸೊಸೈಟಿ ಮದರಾಸಿನ ಅಡ್ಯಾರಿಗೆ ಬಂದು ನೆಲೆಸಿ, ಭಾರತದ ಯೋಗ-ತಂತ್ರದ ಪುಸ್ತಕಗಳು ಇಂಗ್ಲಿಷಿನಲ್ಲಿ ಬರತೊಡಗಿದ್ದವು. ರಾಮಪ್ರಸಾದ್ ಎಂಬ ಭಾರತೀಯ ಥಿಯಾಸಫಿಸ್ಟ್ ಉಸಿರಿನ ಶಾಸ್ತ್ರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಪಂಚತತ್ತ್ವಗಳು ಲಂಡನ್ನಿನ ಕೂಟಕ್ಕೆ ಸಿಕ್ಕವು. ಹಳದಿ ಚೌಕ ಪೃಥ್ವಿ, ಬೆಳ್ಳಿಯ ಅರ್ಧಚಂದ್ರ ನೀರು, ಕೆಂಪು ತ್ರಿಕೋಣ ಬೆಂಕಿ, ನೀಲಿ ವೃತ್ತ ಗಾಳಿ, ಕಪ್ಪುನೀಲಿ ಮೊಟ್ಟೆಯಾಕಾರ ಆಕಾಶ. ಅವರು ಇವನ್ನು ರಟ್ಟಿನ ಮೇಲೆ ಬರೆದು, ದಿಟ್ಟಿಸಿ ನೋಡಿ, ಕಣ್ಣುಮುಚ್ಚಿ ಆ ಆಕಾರವನ್ನು ಬಾಗಿಲೆಂದು ಭಾವಿಸಿ ಒಳಗೆ ಹೋಗುವ ಅಭ್ಯಾಸ ಮಾಡುತ್ತಿದ್ದರು. ಮುಂದೆ 1923ರಲ್ಲಿ ನೊಬೆಲ್ ಪಡೆದ ಐರಿಷ್ ಕವಿ ಯೇಟ್ಸ್ ಇದೇ ಕೂಟದವರು. ಕೂಟದ ಮುಖಂಡ ಮ್ಯಾಥರ್ಸ್ ಹಣೆಗೆ ಒಂದು ರಟ್ಟಿನ ಚಿಹ್ನೆ ಒತ್ತಿಸಿದಾಗ ಮರುಭೂಮಿಯೂ ಅದರಲ್ಲಿ ಏಳುತ್ತಿರುವ ಕಪ್ಪು ದೈತ್ಯನೂ ಕಂಡರೆಂದು ಅವರೇ ಬರೆದುಕೊಂಡಿದ್ದಾರೆ.

ಚೌಕ, ಅರ್ಧಚಂದ್ರ, ತ್ರಿಕೋಣ, ವೃತ್ತ. ಇವು ನಾಲ್ಕೂ ಶುಭಚಂದ್ರರ ಪುಸ್ತಕದಲ್ಲೂ ಮಣ್ಣು, ನೀರು, ಬೆಂಕಿ, ಗಾಳಿಯ ಮಂಡಲಗಳಾಗಿ ಬಂದಿವೆ. ಹಾಗೆಂದು ಲಂಡನ್ನಿನವರು ಅದನ್ನು ಓದಿ ಕದ್ದರು ಎಂದು ವಾಟ್ಸಾಪಿನಲ್ಲಿ ಹಂಚಬೇಡಿ. ಭಾರತದಲ್ಲಿ ಹಲವು ಪಂಥಗಳಿಗೆ ಸಮಾನವಾಗಿದ್ದ ಆಸ್ತಿ ಅದು, ಒಂದು ಕವಲು ಹಡಗು ಹತ್ತಿತು. ಇಂಗ್ಲೆಂಡಿನಲ್ಲಿ 1735ರ ಮಾಟಗಾತಿ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ತಮ್ಮ ಹೊಸ ಮಾಟಪಂಥದ ಪುಸ್ತಕ ಹೊರತಂದರು. 1988ರಲ್ಲಿ ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಬ್ಬಂಟಿಯಾಗಿ ಕಲಿಯುವವರಿಗೆಂದು ಬರೆದ ಕೈಪಿಡಿಯಲ್ಲಿ ಮನಸ್ಸಿನಲ್ಲಿ ಚಿತ್ರ ಕಾಣುವುದು ಮೂಲ ಅಭ್ಯಾಸಗಳಲ್ಲಿ ಒಂದು. ವಿಡಿಯೋದ ಸೇಬು ಆ ಸಾಲಿನ ಕೊನೆಯಲ್ಲಿದೆ. ಮಗಳು ಸೇಬು ಕಾಣುತ್ತಾ ಕೂತರೆ ಗಾಬರಿ ಬೀಳಬೇಕಿಲ್ಲ. ಸೇಬಿನ ಮುಂದೆ ಯಾರ ಮುಖ ಕಾಣಲು ಹೇಳುತ್ತಾರೆ, ಯಾತಕ್ಕೆ ಹೇಳುತ್ತಾರೆ ಎಂಬುದನ್ನು ಪಕ್ಕ ಕೂತು ಕೇಳಿ.

ಈ ಪ್ರಶ್ನೆಗೆ ಕನ್ನಡದಲ್ಲಿ ಒಂದು ಕಾವ್ಯವೇ ಉತ್ತರವಾಗಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'. ಕಾಲೇಜಿನಲ್ಲಿ ಅಮೃತಮತಿ ಮತ್ತು ಮಾವುತನ ಪ್ರಸಂಗವಷ್ಟೇ ನೆನಪಿರುತ್ತದೆ. ಅದರ ನಡುಗಂಬ ಬೇರೆ ಇದೆ.

ಹೆಂಡತಿಯ ಸಂಗತಿ ತಿಳಿದ ರಾಜ ಯಶೋಧರ ತಾಯಿಗೆ ನಿಜ ಹೇಳಲಾರದೆ ಒಂದು ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಕಟ್ಟುಕಥೆಯ ಕನಸು. ತಾಯಿ ಚಂದ್ರಮತಿ ಅದಕ್ಕೆ ಶಾಂತಿಯೆಂದು ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಒಲ್ಲೆ ಎನ್ನುತ್ತಾನೆ, ಪ್ರಾಣಿಹಿಂಸೆ ಅವನಿಗೆ ಆಗದು. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯೋಣ. ಹಿಟ್ಟಿಗೇನು ಜೀವ? ಆದರೆ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ತಾಯಿ-ಮಗ ಇಬ್ಬರೂ ಅಮೃತಮತಿ ಕೊಟ್ಟ ವಿಷಕ್ಕೆ ಸತ್ತು, ನವಿಲು-ನಾಯಿಯಾಗಿ ಹುಟ್ಟಿ, ಪ್ರಾಣಿಜನ್ಮಗಳ ಸಾಲಿನಲ್ಲಿ ಕೊಂದುಕೊಂಡು ಕೊಲ್ಲಿಸಿಕೊಂಡು, ಕೊನೆಗೆ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಬೀಳುತ್ತಾರೆ. ಇದಕ್ಕೆ 'ಸಂಕಲ್ಪ ಹಿಂಸೆ' ಎಂದು ಹೆಸರು. ಗಿರೀಶ ಕಾರ್ನಾಡರು ಇದೇ ವಸ್ತುವನ್ನು 'ಹಿಟ್ಟಿನ ಹುಂಜ' ನಾಟಕ ಮಾಡಿದರು.

ಜನ್ನನ ಲೆಕ್ಕ ಕಠಿಣ ಎನ್ನಿಸುತ್ತದೆ. ಒಂದು ಹಿಡಿ ಹಿಟ್ಟಿಗೆ ಅಷ್ಟು ಜನ್ಮವೇ? ಆದರೆ ಕಡಿಯುವ ಹೊತ್ತಿನಲ್ಲಿ ಯಶೋಧರ ಮನಸ್ಸಿನಲ್ಲಿ ಕಂಡದ್ದು ಹಿಟ್ಟನ್ನಲ್ಲ, ಕೋಳಿಯನ್ನು. ಹಾಗೆ ಕಾಣದಿದ್ದರೆ ಬಲಿ ಬಲಿಯಾಗುತ್ತಲೇ ಇರಲಿಲ್ಲ. ಗೊಂಬೆಗೆ ಸೂಜಿ ಚುಚ್ಚುವವನೂ ಹಾಗೆಯೇ, ಗೊಂಬೆಯಲ್ಲಿ ಒಂದು ಮುಖವನ್ನು ಕಂಡೇ ಚುಚ್ಚುತ್ತಾನೆ. ಆ ಮುಖದವನಿಗೆ ಏನೂ ಆಗದಿರಬಹುದು, ಆಗುವುದಿಲ್ಲ ಎಂದೇ ನನ್ನ ನಂಬಿಕೆ. ಚುಚ್ಚಿದವನು ಮಾತ್ರ ಒಂದು ಕೊಲೆಯನ್ನು ಅಭ್ಯಾಸ ಮಾಡಿರುತ್ತಾನೆ.

ಈ ನೆಲದವರಿಗೂ ಈ ಎಚ್ಚರ ಗೊತ್ತು. ನಮ್ಮ ಬ್ಯಾರಿ, ನವಾಯತ ಬಂಧುಗಳಿಗೆ ಪರಿಚಿತವಾದ ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲಿ ಬಾಬಿಲೋನಿನ ಹಾರೂತ್-ಮಾರೂತರ ಪ್ರಸ್ತಾಪವಿದೆ. ಅವರು ಎಚ್ಚರಿಕೆ ಹೇಳದೆ ಯಾರಿಗೂ ಕಲಿಸುತ್ತಿರಲಿಲ್ಲ, ಆದರೂ ಜನ ಅವರಿಂದ ಗಂಡ-ಹೆಂಡಿರನ್ನು ಅಗಲಿಸುವ ವಿದ್ಯೆಯನ್ನು ಕಲಿತರು ಎಂದು ಅಲ್ಲಿ ಬರುತ್ತದೆ. ಬಾಬಿಲೋನ್ ಬಸ್ರಾ ದಾರಿಯಲ್ಲಿ ಮುಂದೆ ಹೋದರೆ ಸಿಗುವ ಜಾಗ. ವಶೀಕರಣದ ಜಾಹೀರಾತು ಮಾರುವುದೂ ಆ ಗಂಡ-ಹೆಂಡಿರ ಭಯವನ್ನೇ. ತಾಯಿತ, ಮಂತ್ರಿಸಿದ ದಾರ, ಕಾಗದಗಳನ್ನು ಕುವೈತಿನ ಕಸ್ಟಮ್ಸ್‌ನವರು ತಡೆದು ವಶಪಡಿಸಿಕೊಂಡ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬಂದಿದೆ. ಊರಿಂದ ಬರುವಾಗ ಅಮ್ಮ ಬ್ಯಾಗಿನ ಮೂಲೆಯಲ್ಲಿ ಏನು ತುರುಕಿದ್ದಾರೆ ಎಂದು ಒಮ್ಮೆ ನೋಡಿಕೊಂಡು ಹತ್ತಿ.

ಈ ವ್ಯಾಪಾರ ನಮ್ಮಂಥವರ ಮೇಲೆ ಏಕೆ ನಡೆಯುತ್ತದೆ? ದೂರ ಇರುವವನಿಗೆ ಕಾಣುವುದೆಲ್ಲ ಕಣ್ಣುಮುಚ್ಚಿಯೇ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ತಮ್ಮ ಜಮೀನಿನ ಪತ್ರದ ಬಗ್ಗೆ ಕೇಳಿದರೆ ಮಾತು ತಿರುಗಿಸಿದ, ಮಗುವಿಗೆ ಪದೇಪದೇ ಜ್ವರ. ಊರಲ್ಲಿದ್ದಿದ್ದರೆ ಎದ್ದು ಹೋಗಿ ನೋಡಿ ಬರಬಹುದಿತ್ತು. ಇಲ್ಲಿ ಡಬಲ್ ಡೆಕ್ ಮಂಚದ ಮೇಲೆ ಮಲಗಿ ಕಾಣುವುದಷ್ಟೇ ಸಾಧ್ಯ, ರಾತ್ರಿ ಹೆಚ್ಚಾದಷ್ಟೂ ಚಿತ್ರ ಕೆಡುತ್ತಾ ಹೋಗುತ್ತದೆ. ಆ ಹೊತ್ತಿಗೆ ಫೋನಿನಲ್ಲಿ ಒಬ್ಬ 'ಹತ್ತಿರದವರೇ ಮಾಡಿಸಿದ್ದಾರೆ, ಹೆಸರಿನ ಮೊದಲಕ್ಷರ ಹೇಳಲೇ?' ಎನ್ನುತ್ತಾನೆ. ಅವನು ಮಾರುತ್ತಿರುವುದೂ ಒಂದು ಧ್ಯಾನವೇ, ತಲೆಕೆಳಗಾದದ್ದು. ಮಲ್ಲಿಷೇಣರ ಹೊಸಬ ಮೊದಲ ದಿನ ತನ್ನ ಸಿಟ್ಟನ್ನು ಸುಡಬೇಕಿತ್ತು. ಇವನ ಗಿರಾಕಿ ಮೊದಲ ದಿನವೇ ಅತ್ತಿಗೆಯ ಮುಖವನ್ನು ಶತ್ರುವೆಂದು ಕಾಣಬೇಕು. ದುಡ್ಡು ಹೋದರೆ ಇನ್ನೆರಡು ತಿಂಗಳ ಓವರ್‌ಟೈಮಿನಲ್ಲಿ ಬರುತ್ತದೆ. ಹಾಗೆ ಕಂಡ ಮುಖ ಮುಂದಿನ ರಜೆಗೆ ಊರಿಗೆ ಹೋದಾಗ ಹೊಸಿಲಲ್ಲಿ ಎದುರಾಗುತ್ತದೆ, ನೀರು ಕೊಡುತ್ತದೆ, ಆ ನೀರು ಕುಡಿಯಲು ಕೈ ಹಿಂಜರಿಯುತ್ತದೆ. ಮಾಟ ನಿಜವಾಗಿ ನಡೆದದ್ದು ಅಲ್ಲಿ, ಮಾಡಿದವನು ಫೋನಿನವನು.

ಕೊನೆಯದಾಗಿ ತಮಿಳು ನಾಡಿನ ಪೂಸಲಾರರ ಕಥೆ. ಅರವತ್ಮೂರು ಪುರಾತನರಲ್ಲಿ ಒಬ್ಬರು, ಬಡವರು. ಶಿವನಿಗೆ ಗುಡಿ ಕಟ್ಟಲು ಕಾಸಿಲ್ಲ, ಕೇಳಿದರೆ ಯಾರೂ ಕೊಡಲಿಲ್ಲ. ಮನಸ್ಸಿನಲ್ಲೇ ಕಲ್ಲು ತರಿಸಿದರು, ಬಡಗಿ-ಶಿಲ್ಪಿಗಳನ್ನು ಕರೆಸಿದರು, ಒಂದೊಂದೇ ವರಸೆ ಏರಿಸಿ ಶಿಖರ ಮುಗಿಸಿ ಪ್ರತಿಷ್ಠೆಗೆ ದಿನ ಇಟ್ಟರು. ಅದೇ ದಿನಕ್ಕೆ ಕಂಚಿಯಲ್ಲಿ ಪಲ್ಲವ ರಾಜ ಕಲ್ಲಿನ ದೊಡ್ಡ ಗುಡಿಗೆ ಮುಹೂರ್ತ ಇಟ್ಟಿದ್ದ. ಶಿವ ರಾಜನ ಕನಸಿನಲ್ಲಿ ಬಂದು ನಿನ್ನದನ್ನು ಮುಂದೆ ಹಾಕು, ಆ ದಿನ ನನಗೆ ಬೇರೆ ಗುಡಿಗೆ ಹೋಗಲಿದೆ ಎಂದನಂತೆ. ರಾಜ ಹುಡುಕಿಕೊಂಡು ಬಂದರೆ ಊರಲ್ಲಿ ಗುಡಿಯೇ ಇಲ್ಲ.

ಮಾನಸ ಪೂಜೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ. ನಮ್ಮ ಪೂಜೆ ಇಲ್ಲಿ ರೂಮಿನ ಗೋಡೆಯೊಳಗಿನದು, ಹೂವಿಲ್ಲದ ದಿನ ಮನಸ್ಸಿನಲ್ಲೇ ಹೂವು ಏರಿಸುವವರು ಈ ಸಭೆಯಲ್ಲೇ ಇದ್ದೀರಿ. ಪೂಜೆಯ ಗೊಡವೆಯಿಲ್ಲದವರೂ ಪೂಸಲಾರರ ಕೆಲಸವನ್ನೇ ಮಾಡಿದ್ದೀರಿ. ಊರಿನ ಮನೆಯ ಪಾಯ, ಕಿಟಕಿಗೆ ಯಾವ ಮರ, ಅಪ್ಪನಿಗೆ ಮೆಟ್ಟಿಲು ಹತ್ತದೆ ಹೋಗಲು ಕೆಳಗೇ ಒಂದು ಕೋಣೆ, ಎಲ್ಲ ಮೊದಲು ಕಟ್ಟಿದ್ದು ಇಲ್ಲಿ, ಸೈಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಕಣ್ಣುಮುಚ್ಚಿಕೊಂಡು. ಅದರ ಲೆಕ್ಕ ಬರೆದಿಟ್ಟುಕೊಂಡವರಿದ್ದರೆ ಊಟದ ಹೊತ್ತಿನಲ್ಲಿ ನನಗೆ ತೋರಿಸಿ, ನೋಡುವ ಆಸೆಯಿದೆ.